ಮಾಸ್ತರರು ಕೊಟ್ಟ ಉದಾಹರಣೆ

ಎಪ್ಪತ್ತರ ದಶಕ. ಸಿಂದಗಿಯಲ್ಲಿ ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಗ ಅಪ್ಪ ಇಂಗ್ಲಿಷ್ ಮಾಸ್ತರರನ್ನು ಮನೆಗೇ ಕರೆಸಿ ಪಾಠ ಹೇಳಿಸಿದರು. ಹೆಣ್ಣುಮಗಳಿಗೆ ಮನೆಪಾಠ! ನನ್ನ ಕಾಲು ನೆಲದ ಮೇಲಿರಲಿಲ್ಲ. ಬಿಜಾಪುರದ ಕಾಲೇಜಿಗೆ ಕಳಿಸಲೆಂದೇ ಇದೆಲ್ಲ ಎಂದು ನಂಬಿಬಿಟ್ಟೆ. ಎಂಥ ಹುಚ್ಚಿ!

ಮಾಸ್ತರರು ಪಡಸಾಲೆಯ ಕಂಬಕ್ಕೊರಗಿ ಕೂತು, ಕಣ್ಣಿಗೆ ಬಿದ್ದದ್ದನ್ನೇ ಉದಾಹರಣೆ ಮಾಡುತ್ತಿದ್ದರು. ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ ರೆಡ್ ಚಿಲ್ಲಿ. ಕೆಂಪು ಎಂಬ ಗುಣವಾಚಕ ಮುಂದೆ ನಿಲ್ಲುವುದು ನಮಗೂ ರೂಢಿಯೇ. ನನಗೆ ಸೋಜಿಗವಾದದ್ದು, ಒಂದು ನಾಮಪದ ಇನ್ನೊಂದರ ಮುಂದೆ ನಿಂತು ಗುಣವಾಚಕದ ಕೆಲಸ ಮಾಡುವುದು.

"ನಾವು ಕಲ್ಲಿನ ಗ್ವಾಡಿ ಅಂತೀವಿ. ಅವರು ಬರೇ ಕಲ್ಲು ಗ್ವಾಡಿ ಅಂದಂಗ, ಸ್ಟೋನ್ ವಾಲ್ ಅಂತಾರ," ಎಂದು ನಕ್ಕು ನನ್ನತ್ತ ಬೆರಳು ತೋರಿಸಿದರು. "ಮುಂದಿನ ವರ್ಷ ನೀ ಏನು? ಕಾಲೇಜ್ ಗರ್ಲ್!"

ರೊಟ್ಟಿ ಬಡಿಯುವಾಗಲೂ ನನಗೆ ಅದೇ ಜಪವಾಯಿತು.

ಪರೀಕ್ಷೆ ಮುಗಿದ ಮೇಲೆ ಒಂದು ಭಾನುವಾರ ಅವ್ವ ತನ್ನ ಇಳಕಲ್ ಸೀರೆ ತೆಗೆದು ನನಗೆ ಉಡಿಸಿದಳು. ಜಡೆ ಹಾಕುತ್ತ ಹೇಳಿದಳು: "ಮುದ್ದೇಬಿಹಾಳದವರು ನೋಡಾಕ ಬರಾಕತ್ತಾರ. ಹುಡುಗ ನಿಮ್ಮ ಇಂಗ್ಲಿಷ್ ಮಾಸ್ತರರ ಅಕ್ಕನ ಮಗ. ಇಂಗ್ಲಿಷ್ ಬರೂ ಹುಡುಗೀನ ಬೇಕಂತ. ಮತ್ತ ಪಾಠ ಯಾಕ ಹೇಳಿಸಿದ್ರು ಅಂತ ಮಾಡಿದ್ದಿ?"

ಅಪ್ಪ, ಅವ್ವ, ಮಾಸ್ತರರು ಮೊದಲೇ ಮಾತಾಡಿಕೊಂಡಿದ್ದರು. ಗೊತ್ತಿಲ್ಲದವಳು ನಾನೊಬ್ಬಳೇ. ಅಪ್ಪ ಹಾಗೆ ಮಾಡಿದ್ದನ್ನು ಹೇಗೋ ನುಂಗಬಹುದಿತ್ತು. ಮಾಸ್ತರರು ಮಾಡಿದ್ದು ಗಂಟಲಲ್ಲಿ ಇಳಿಯಲಿಲ್ಲ.

ಬೇರೆ ಮನೆಗಳಲ್ಲಿ ಹುಡುಗಿಗೆ ಹಾಡು ಹೇಳು ಅನ್ನುತ್ತಾರೆ. ನನಗೆ ವ್ಯಾಕರಣ ಕೇಳಿದರು. ಬೀಗರ ನಡುವೆ ಜಮಖಾನೆಯ ಮೇಲೆ ಕೂತಿದ್ದ ಮಾಸ್ತರರೇ ಕೇಳಿದರು: "ನಾಮಪದ ಇನ್ನೊಂದು ನಾಮಪದದ ಮುಂದ ನಿಂತಿದ್ದಕ್ಕ ಒಂದು ಉದಾಹರಣೆ ಹೇಳು ತಂಗಿ."

ಹೆಣ್ಣು ತಲೆ ಎತ್ತಬಾರದು. ಎತ್ತಿದೆ. ಅವರ ಕಣ್ಣನ್ನೇ ನೋಡುತ್ತ ಹೇಳಿದೆ: "ಕಾಲೇಜ್ ಗರ್ಲ್."

ಅವರಿಗೆ ತಿಳಿಯಿತು. ಅವಲಕ್ಕಿ ಚೂಡಾದ ತಾಟಿಗೆ ಹೋದ ಕೈ ಅಲ್ಲೇ ನಿಂತಿತು. ಈಗಲಾದರೂ ನನ್ನ ಪರ ಒಂದು ಮಾತು ಆಡುತ್ತಾರೆಂದು ಉಸಿರು ಹಿಡಿದು ಕಾದೆ.

ಅವರು ತಮ್ಮ ಭಾವನ ಕಡೆ ತಿರುಗಿದರು. "ಕೇಳಿದ್ರಿಲ್ಲ? ಹೆಂಗ ಪಟಕ್ಕನ ಹೇಳಿದ್ಲು!"

"ಹುಡುಗಿ ಶ್ಯಾಣ್ಯಾಕಿ ಅದಾಳ," ಎಂದರು ಹುಡುಗನ ತಂದೆ. ಎಲ್ಲರೂ ನಕ್ಕರು, ಅಪ್ಪ ಎಲ್ಲರಿಗಿಂತ ಜೋರಾಗಿ.

ಸಂಬಂಧ ಗಟ್ಟಿಯಾಯಿತೆಂದು ಅವತ್ತೇ ಸಕ್ಕರೆ ಹಂಚಿದರು. ನನ್ನ ಬಾಯಿಗೆ ಹಾಕಿದವರು ಮಾಸ್ತರರು.