ನಾನು ಉಳಿಸಿದ ಹನ್ನೊಂದು ಸೆಕೆಂಡು

ಹೋದ ವರ್ಷ ಯುಗಾದಿ ಕಳೆದು ಎರಡು ವಾರವಾಗಿತ್ತು. ಬಿಸಿಲು ಅಂದರೆ ಬಿಸಿಲು. ಇಟ್ಟಮಡುವಿನ ನಮ್ಮ ಮನೆಯಲ್ಲಿ ಬೆಳಿಗ್ಗೆ ಎಂಟಕ್ಕೇ ಫ್ಯಾನು ಬಿಸಿಗಾಳಿ ಬೀಸುತ್ತಿತ್ತು. ಆ ದಿನ ನಡೆದದ್ದನ್ನು ನಾನಿನ್ನೂ ಮರೆತಿಲ್ಲ.

ನಾನು ಜೆ.ಪಿ. ನಗರದ ಒಂದು ಸಣ್ಣ ಕಂಪನಿಯಲ್ಲಿ ಲಿಫ್ಟುಗಳ ಕಂಟ್ರೋಲ್ ಬೋರ್ಡಿಗೆ ಪ್ರೋಗ್ರಾಂ ಬರೆಯುತ್ತೇನೆ. ಆ ಬೋರ್ಡಿನ ಮೇಲೆ ಕಿರುಬೆರಳ ಉಗುರಿಗಿಂತ ಚಿಕ್ಕದೊಂದು ಮೆಮೊರಿ ಚಿಪ್ ಇರುತ್ತದೆ. ಸೀರಿಯಲ್ ಫ್ಲ್ಯಾಶ್ ಅಂತ ಅದರ ಹೆಸರು. ಕಟ್ಟಡಕ್ಕೆ ಎಷ್ಟು ಮಹಡಿ, ಎಲ್ಲಿ ನಿಲ್ಲಬೇಕು, ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು, ಎಲ್ಲವೂ ಅದರೊಳಗೆ. ಕರೆಂಟ್ ಹೋಗಿ ಬಂದಾಗಲೆಲ್ಲ ಬೋರ್ಡು ಆ ಚಿಪ್ಪನ್ನು ಪೂರ್ತಿ ಓದಿ, ಓದಿದ್ದು ಸರಿಯಿದೆಯೇ ಎಂದು ತಾಳೆ ನೋಡಿದ ಮೇಲೇ ಲಿಫ್ಟು ಅಲುಗುವುದು. ತಾಳೆಯಾಗದಿದ್ದರೆ ಮತ್ತೆ ಮೊದಲಿನಿಂದ ಓದುತ್ತದೆ. ಅಲ್ಲಿಯವರೆಗೆ ಲಿಫ್ಟು ನಿಂತಲ್ಲೇ.

ಬನಶಂಕರಿ ಮೂರನೇ ಹಂತದ ಒಂದು ಅಪಾರ್ಟ್‌ಮೆಂಟಿನಿಂದ ದೂರು ಬಂದಿತ್ತು. ಕರೆಂಟ್ ಬಂದ ಮೇಲೂ ಲಿಫ್ಟು ಹನ್ನೆರಡು ಸೆಕೆಂಡು ಸುಮ್ಮನೆ ನಿಲ್ಲುತ್ತದೆ, ಒಳಗಿದ್ದವರಿಗೆ ಜೀವ ಬಾಯಿಗೆ ಬರುತ್ತದೆ ಅಂತ. ಕಾಯುವುದೆಂದರೆ ನನಗೂ ಆಗದು. ಸಿಗ್ನಲ್ಲಿನಲ್ಲಿ ನಿಂತಾಗಲೂ ಸ್ಕೂಟರಿನ ಎಕ್ಸಲರೇಟರ್ ತಿರುಗಿಸುತ್ತಿರುವವಳು ನಾನು. "ಆತುರಗಾರನಿಗೆ ಬುದ್ಧಿ ಮಟ್ಟ ಕಣೇ" ಅಂತ ಅಮ್ಮ ದಿನಕ್ಕೊಮ್ಮೆಯಾದರೂ ಹೇಳುತ್ತಾಳೆ.

ಹಳೆಯ ಪ್ರೋಗ್ರಾಂ ತೆಗೆದು ನೋಡಿದೆ. ಅಂಗಡಿಗೆ ಹೋಗಿ ಒಂದು ಕಾಳು ಅಕ್ಕಿ ತಂದು, ಮತ್ತೆ ಹೋಗಿ ಇನ್ನೊಂದು ಕಾಳು ತರುವ ಹಾಗೆ ಅದು ಚಿಪ್ಪಿನಿಂದ ಒಂದೊಂದೇ ಅಕ್ಷರ ಕೇಳಿ ಕೇಳಿ ಓದುತ್ತಿತ್ತು. ಒಂದೇ ಸಲ ಕೇಳಿ ಮೂಟೆಗಟ್ಟಲೆ ತರುವಂತೆ ಬದಲಾಯಿಸಿದೆ. ಒಂದು ದಾರಿಯ ಬದಲು ನಾಲ್ಕು ದಾರಿಯಲ್ಲಿ ಓದಿಸಿದೆ. ವೇಗ ಏರಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕೇಳಿದ ಮೇಲೆ ಉತ್ತರ ಕೊಡುವ ಮುಂಚೆ ಚಿಪ್ಪು ತೀರಾ ಸಣ್ಣದೊಂದು ಬಿಡುವು ಬೇಡುತ್ತದೆ. ಅದಕ್ಕೂ ಕತ್ತರಿ ಹಾಕಿದೆ. ಹನ್ನೆರಡು ಸೆಕೆಂಡು ಒಂದಕ್ಕಿಳಿಯಿತು. ಆಫೀಸಿನ ಎ.ಸಿ.ಯಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದೆ, ಒಮ್ಮೆಯೂ ತಪ್ಪಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಆ ಲಿಫ್ಟಿನೊಳಗೆ ಮಾತಾಡುವ ಹೆಣ್ಣುದನಿಯೂ ನನ್ನದೇ. ಬೇರೆ ಯಾರೂ ಸಿಗಲಿಲ್ಲವೆಂದು ನಮ್ಮ ಸಾರ್ ನನ್ನನ್ನೇ ಸ್ಟೋರ್ ರೂಮಿನಲ್ಲಿ ಕೂರಿಸಿ ರೆಕಾರ್ಡ್ ಮಾಡಿಸಿದ್ದರು. ಆ ದನಿ ಇದ್ದದ್ದು ಬೇರೆ ಚಿಪ್ಪಿನಲ್ಲಿ, ಅದನ್ನು ನಾನು ಮುಟ್ಟಿರಲಿಲ್ಲ.

ಆ ದಿನ ಬೆಳಿಗ್ಗೆ ಹತ್ತಕ್ಕೆ ತಾರಸಿಯ ಮೋಟಾರ್ ರೂಮಿಗೆ ಹೋಗಿ ಹೊಸ ಪ್ರೋಗ್ರಾಂ ಹಾಕಿದೆ. ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿ ಮೂರು ಸಲ ತೋರಿಸಿದೆ. ಅಪಾರ್ಟ್‌ಮೆಂಟಿನ ಸೆಕ್ರೆಟರಿ ಅಂಕಲ್ "ಸಖತ್ತಾಗಿ ಮಾಡಿದ್ದೀರಮ್ಮ, ಊಟ ಮಾಡ್ಕೊಂಡೇ ಹೋಗ್ಬೇಕು" ಅಂದರು. ಜೊತೆಗೆ ಬಂದಿದ್ದ ಸಹೋದ್ಯೋಗಿ ಲ್ಯಾಪ್‌ಟಾಪ್ ತೆಗೆದುಕೊಂಡು ಆಫೀಸಿಗೆ ಹೊರಟ. ನಾನು ಉಳಿದೆ.

ಊಟ ಮುಗಿಸಿ ಎರಡು ಗಂಟೆಗೆ ಕೆಳಗೆ ಬಂದರೆ, ಕೈಯಲ್ಲಿ ಕರಿಬೇವಿನ ಕಟ್ಟು ಹಿಡಿದ ಹೆಂಗಸೊಬ್ಬರು ಮೆಟ್ಟಿಲ ಬುಡದಲ್ಲಿ ನಿಂತು ಏದುಸಿರು ಬಿಡುತ್ತಿದ್ದರು. ನಾಲ್ಕನೇ ಮಹಡಿಯ ವಿಶಾಲಾಕ್ಷಿ ಟೀಚರ್. ನಿವೃತ್ತರು, ವೀಸಿಂಗ್, ಅಂದರೆ ಉಬ್ಬಸ ಇರುವವರು. ಕರೆಂಟ್ ಹೋಗುತ್ತದೆಂಬ ಭಯಕ್ಕೆ ಲಿಫ್ಟು ಹತ್ತುವುದಿಲ್ಲವೆಂದು ಊಟಕ್ಕೆ ಕೂತಾಗ ಅಂಕಲ್ ಹೇಳಿದ್ದರು.

"ಬನ್ನಿ ಟೀಚರ್, ಧೈರ್ಯವಾಗಿ ಹತ್ತಿ" ಅಂದೆ. "ಈಗ ಕರೆಂಟ್ ಹೋಗಿ ಬಂದ್ರೂ ಒಂದೇ ಸೆಕೆಂಡು. ನಾನೇ ಮಾಡಿರೋದು."

ಅವರು ಅನುಮಾನದಿಂದಲೇ ಒಳಗೆ ಹೋದರು. ಹೊರಗಿನಿಂದ ಕೈ ಚಾಚಿ ನಾಲ್ಕರ ಬಟನ್ ಒತ್ತಿದವಳೂ ನಾನೇ. ನಾನು ಕೆಳಗೇ ನಿಂತು ನೋಡುತ್ತಿದ್ದ ಹಾಗೇ ಲಿಫ್ಟು ಎರಡನೇ ಮಹಡಿ ದಾಟಿತು, ಕರೆಂಟ್ ಹೋಯಿತು.

ಜನರೇಟರ್ ಗುಡುಗಿತು. ಒಂದು ಸೆಕೆಂಡು. ಐದು. ಹತ್ತು. ಲಿಫ್ಟು ಅಲುಗಲಿಲ್ಲ. ಒಳಗಿಂದ ನನ್ನದೇ ದನಿ ಕೇಳಿಸಿತು: "ದಯವಿಟ್ಟು ಗಾಬರಿಯಾಗಬೇಡಿ. ಲಿಫ್ಟ್ ಈಗ ಚಾಲನೆಗೊಳ್ಳುತ್ತದೆ." ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಮತ್ತೆ ಅದೇ. ಬೋರ್ಡು ಓದುತ್ತಿದೆ, ತಾಳೆಯಾಗುತ್ತಿಲ್ಲ, ಮತ್ತೆ ಮೊದಲಿನಿಂದ ಶುರುಮಾಡುತ್ತಿದೆ.

ಮೂರನೇ ಮಹಡಿಗೆ ಓಡಿ ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟೆ. "ಟೀಚರ್, ಕೇಳಿಸ್ತಿದ್ಯಾ?"

"ಕೇಳಿಸ್ತಿದೆ..." ಉಸಿರು ಎಳೆಯುವ ಸದ್ದು. "ನಿನ್ನ ಒಂದು ಸೆಕೆಂಡು... ಎಷ್ಟು ಉದ್ದ ಇದೆಯಮ್ಮಾ?"

"ವೀಸಿಂಗಿನ ಪಂಪ್ ಇಟ್ಕೊಂಡಿದ್ದೀರಾ?"

"ಮನೇಲಿದೆ. ಬೀಗದ ಕೈ... ನನ್ ಹತ್ರ."

ಅಯ್ಯೋ ದೇವರೇ ಅನ್ನಿಸಿತು. ಕೈಯಿಂದ ಲಿಫ್ಟು ಇಳಿಸುವುದು ಮೆಕ್ಯಾನಿಕ್ ಒಬ್ಬರಿಗೇ ಗೊತ್ತು. ಬಾರದವರು ಬ್ರೇಕ್ ಮುಟ್ಟಿದರೆ ಅನಾಹುತ. ಫೋನ್ ಮಾಡಿದರೆ ಅವರು ಮಡಿವಾಳದ ಆಚೆ ಇದ್ದರು. "ಸಿಲ್ಕ್ ಬೋರ್ಡ್ ಸಿಗ್ನಲ್ ದಾಟ್ಬೇಕಲ್ಲ ಮೇಡಂ, ಏನಿಲ್ಲಾಂದ್ರೂ ಮುಕ್ಕಾಲು ಗಂಟೆ" ಅಂದರು. ಸದ್ದು ಕೇಳಿ ಓಡಿ ಬಂದ ಸೆಕ್ರೆಟರಿ ಅಂಕಲ್ ಅಗ್ನಿಶಾಮಕದವರಿಗೆ ಫೋನ್ ಹಚ್ಚಿದರು. ಬಾಗಿಲ ಹತ್ತಿರ ಅವರನ್ನೇ ಬಿಟ್ಟು, ಟೀಚರ್ ಜೊತೆ ಮಾತಾಡುತ್ತಲೇ ಇರಿ ಎಂದು ಹೇಳಿ ನಾನು ತಾರಸಿಗೆ ಓಡಿದೆ.

ಮೋಟಾರ್ ರೂಮಿನ ಬಾಗಿಲು ತೆಗೆದರೆ ಮುಖಕ್ಕೆ ಹಬೆ ಹೊಡೆದಂತಾಯಿತು. ಬೆಳಿಗ್ಗೆ ತಣ್ಣಗಿದ್ದ ರೂಮು ಈಗ ಒಲೆ. ಬೋರ್ಡಿನ ಮೇಲೆ ಕೆಂಪು ದೀಪ. ಅದರ ಹತ್ತಿರ ಕೈ ಒಯ್ದಾಗ ಬಿಸಿ ಬೆರಳಿಗೆ ತಟ್ಟಿತು. ಆಗ ಹೊಳೆಯಿತು. ಕಾವು ಏರಿದಾಗ ಚಿಪ್ಪಿನ ಉತ್ತರ ಒಂದು ಕೂದಲೆಳೆಯಷ್ಟು ತಡವಾಗುತ್ತದೆ. ಅದು ಬಾಯಿ ತೆರೆಯುವ ಮುಂಚೆಯೇ ನನ್ನ ಪ್ರೋಗ್ರಾಂ ಓದಿ ಮುಗಿಸಿದೆ. ನಾನು ಕತ್ತರಿಸಿದ್ದು ಆ ಬಿಡುವನ್ನೇ. ಹಳೆಯ ಪ್ರೋಗ್ರಾಂ ವಾಪಸ್ ಹಾಕೋಣವೆಂದರೆ ಲ್ಯಾಪ್‌ಟಾಪ್ ಇಲ್ಲ.

ಚಿಪ್ಪು ತಣ್ಣಗಾಗಬೇಕು, ಅಷ್ಟೇ. ಹೊರಗೆ ನೀರಿನ ಟ್ಯಾಂಕಿನ ನೆರಳಲ್ಲಿ ವಾಚ್‌ಮನ್ ಹೆಂಡತಿ ಲಕ್ಷ್ಮಮ್ಮ ರಾಗಿ ಕೇರುತ್ತಿದ್ದರು.

"ಅಕ್ಕಾ, ಮೊರ ಕೊಡಿ!"

"ಏನ್ ಮೇಡಂ, ಏನಾಯ್ತು?"

"ಟೀಚರ್ ಒಳಗೆ ಸಿಕ್ಕಾಕೊಂಡಿದ್ದಾರೆ, ಈ ಬೋರ್ಡಿಗೆ ಗಾಳಿ ಹಾಕ್ಬೇಕು!"

ಆಕೆ ಇನ್ನೊಂದು ಮಾತು ಕೇಳಲಿಲ್ಲ. ರಾಗಿಯನ್ನು ನೆಲಕ್ಕೆ ಹಾಸಿದ್ದ ಸೀರೆಯ ಮೇಲೆ ಸುರಿದು, ಮೊರ ಹಿಡಿದು ಎದ್ದು ಬಂದರು. ಬಕೆಟ್ಟಿನಿಂದ ಒದ್ದೆ ಬಟ್ಟೆಯನ್ನೂ ತರಲು ಹೋದಾಗ "ನೀರು ಬೇಡ, ಸುಟ್ಟೋಗತ್ತೆ" ಅಂತ ಕಿರುಚಿದೆ. ಆಕೆ ಮೊರದಿಂದ, ನಾನು ಅಲ್ಲೇ ಬಿದ್ದಿದ್ದ ರಟ್ಟಿನಿಂದ, ಇಬ್ಬರೂ ಬೋರ್ಡಿಗೆ ಬೀಸತೊಡಗಿದೆವು. ಕೆಂಪು. ಮತ್ತೆ ಕೆಂಪು. ಕೆಳಗಿಂದ ಅಂಕಲ್ "ಟೀಚರ್ ಮಾತಾಡ್ತಿಲ್ಲಮ್ಮಾ!" ಅಂತ ಕೂಗಿದರು. ನಾನು ಬೀಸುವುದನ್ನೇ ನಿಲ್ಲಿಸಿಬಿಟ್ಟೆ. ಕಣ್ಣಲ್ಲಿ ನೀರು, ಬಾಯಲ್ಲಿ ಬನಶಂಕರಿ ತಾಯಿಯ ಹೆಸರು.

"ಬೀಸಿ ಮೇಡಂ, ಆಮೇಲ್ ಅಳೋರಂತೆ" ಎಂದು ಲಕ್ಷ್ಮಮ್ಮ ಗದರಿದರು.

ಬೀಸಿದೆ. ಕೆಂಪು ಆರಿತು. ಹಸಿರು ಹತ್ತಿತು. ಪಕ್ಕದಲ್ಲಿದ್ದ ದೊಡ್ಡ ಮೋಟಾರು ಗುಂಯ್ ಎಂದು ತಿರುಗಿತು.

ನಾನು ಇಳಿದು ಬರುವಷ್ಟರಲ್ಲಿ ಮೂರನೇ ಮಹಡಿಯಲ್ಲಿ ಬಾಗಿಲು ತೆರೆದಿತ್ತು. ಟೀಚರ್ ನೆಲದ ಮೇಲೆ ಕೂತಿದ್ದರು, ಮಡಿಲಲ್ಲಿ ಕರಿಬೇವು, ತುಟಿ ಕಪ್ಪಿಟ್ಟಿತ್ತು. ಬೀಗದ ಕೈ ಕಿತ್ತುಕೊಂಡು ಮೇಲೆ ಓಡಿ ಪಂಪ್ ತಂದೆ. ಒಂದು ಸಲ, ಎರಡು ಸಲ ಎಳೆದರು. ಅವರ ಉಸಿರು ಹದಕ್ಕೆ ಬರುವವರೆಗೆ ನನ್ನದು ನಿಂತೇ ಇತ್ತು. ಆಮೇಲೆ ಅಗ್ನಿಶಾಮಕದವರಿಗೆ ಬರುವುದು ಬೇಡವೆಂದು ಹೇಳಿ, ಅಂಕಲ್ ಕಾರಿನಲ್ಲಿ ಟೀಚರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದೆವು. ತೊಂದರೆಯಿಲ್ಲ ಅಂದರು.

ವಾಪಸ್ ಬಂದಾಗ ಅಕ್ಕಪಕ್ಕದವರೆಲ್ಲ ನನ್ನನ್ನು ಸುತ್ತುವರಿದರು. "ನೀವಿಲ್ದೇ ಹೋಗಿದ್ರೆ ಏನ್ ಗತಿ ಮೇಡಂ, ದೇವ್ರು ಬಂದಂಗೆ ಬಂದ್ರಿ" ಅಂದರು. ಸುಮ್ಮನಿದ್ದುಬಿಡಬಹುದಿತ್ತು. ಕೊನೆಗೆ ಹೇಳಿದೆ: "ಲಿಫ್ಟ್ ನಿಂತಿದ್ದೇ ನನ್ನಿಂದ. ತಪ್ಪು ನಂದೇ." ಅಂಕಲ್ ಮುಖ ಬಿಗಿಯಾಯಿತು.

ಟೀಚರ್ ನನ್ನ ಕೈ ಹಿಡಿದರು. "ಗಾಬರಿಯಾಗಬೇಡಿ ಅಂತ ಒಳಗೆ ಬಡ್ಕೋತಿದ್ದೋಳೂ ನೀನೇ ತಾನೇ? ಒಂದೇ ಸಮನೆ ಅದನ್ನೇ ಹೇಳ್ತಿದ್ಲು, ಕೈಗೆ ಸಿಕ್ಕಿದ್ರೆ ಎರಡು ಬಿಡ್ತಿದ್ದೆ" ಅಂದು ನಕ್ಕರು. ಆಮೇಲೆ ಮೆಲ್ಲಗೆ, "ಹೊರಗಡೆಯಿಂದ ಕೂಗಿದೆಯಲ್ಲ, ಆ ದನಿ ನಡುಗ್ತಿತ್ತು ಕಣಮ್ಮ. ಯಾರೋ ನನಗೋಸ್ಕರ ಹೆದರ್ಕೊಂಡಿದ್ದಾರೆ ಅಂತ ಗೊತ್ತಾಯ್ತು. ಅದಕ್ಕೇ ಜೀವ ಹಿಡ್ಕೊಂಡೆ" ಅಂದರು. ನಾನು ಅಲ್ಲೇ ಅತ್ತುಬಿಟ್ಟೆ.

ಸಾರ್ ಬೈದರು, ಬೈಯಬೇಕಾದದ್ದೇ. ಕತ್ತರಿಸಿದ ಬಿಡುವನ್ನು ಚಿಪ್ಪಿಗೆ ವಾಪಸ್ ಕೊಟ್ಟೆ, ವೇಗವನ್ನೂ ಇಳಿಸಿದೆ. ಓದಿದ್ದು ತಾಳೆಯಾಗದಿದ್ದರೆ ಬೋರ್ಡು ಈಗ ಹಳೆಯ ನಿಧಾನದ ದಾರಿಯಲ್ಲೇ ಓದುತ್ತದೆ. ಲಿಫ್ಟು ಏಳಲು ಮೂರು ಸೆಕೆಂಡು ಬೇಕು, ಯಾರೂ ದೂರು ಕೊಟ್ಟಿಲ್ಲ. ಹೊಸ ಪ್ರೋಗ್ರಾಂ ಯಾವುದೇ ಇರಲಿ, ಮೊದಲ ಪರೀಕ್ಷೆ ಆ ಮೋಟಾರ್ ರೂಮಿನಲ್ಲೇ, ಮಟಮಟ ಮಧ್ಯಾಹ್ನ. ಲಕ್ಷ್ಮಮ್ಮ "ಮೊರ ತರ್ಲಾ ಮೇಡಂ?" ಅಂತ ಕಾಲೆಳೆಯುತ್ತಾರೆ.

ಟೀಚರ್ ಮಾತ್ರ ಲಿಫ್ಟಿನ ಸಹವಾಸವೇ ಬೇಡ ಅಂದುಬಿಟ್ಟಿದ್ದಾರೆ. ಪಂಪನ್ನು ಈಗ ಕೈಚೀಲದಲ್ಲೇ ಇಟ್ಟುಕೊಂಡು ಮೆಟ್ಟಿಲು ಹತ್ತುತ್ತಾರೆ. ಆ ಕಡೆ ಹೋದಾಗಲೆಲ್ಲ ನಾನೂ ಅವರ ಜೊತೆ ಹತ್ತುತ್ತೇನೆ. ಪ್ರತಿ ತಿರುವಿನಲ್ಲೂ ಅವರು ಗೋಡೆ ಹಿಡಿದು ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ನಾನೂ ನಿಲ್ಲುತ್ತೇನೆ. ಎಷ್ಟು ಸೆಕೆಂಡು ಅಂತ ಎಣಿಸುವುದಿಲ್ಲ.