ಮೇಲಿನ ಮನೆಯ ದಳಪತಿ

ನಾನು ಚಿಕ್ಕವನಿದ್ದಾಗ, ತೊಂಬತ್ತರ ದಶಕದಲ್ಲಿ, ಲಂಡನ್ನಿನ ಸ್ಟ್ರಾಟ್‌ಫರ್ಡ್‌ನ ಎತ್ತರದ ಕಟ್ಟಡವೊಂದರಲ್ಲಿ ನಮ್ಮ ಫ್ಲ್ಯಾಟ್ ಇತ್ತು. ಮೇಲಿನ ಮನೆಯಲ್ಲಿ ವೇಲ್ಸ್ ಕಡೆಯ ಅಜ್ಜ ಒಬ್ಬರೇ ಇದ್ದರು. ಅವರ ಹಣೆಯ ಮೇಲೆ ಶಾಯಿ ಚೆಲ್ಲಿದಂತೆ ನೀಲಿ ಕಲೆ. ಅದನ್ನು ಕಂಡರೆ ನನಗೆ ಭಯ.

ಒಂದು ಶನಿವಾರ ಅಕ್ಕ, ನಾನು ಹಾಲು ತಂದು ಲಿಫ್ಟ್ ಹತ್ತಿದೆವು. ಅಜ್ಜನೂ ಒಳಗೆ ಬಂದರು. ಅರ್ಧ ದಾರಿಯಲ್ಲಿ ಲಿಫ್ಟ್ ಜಗ್ಗಿ ನಿಂತು ದೀಪ ಆರಿತು. ಅಕ್ಕ ಗಂಟೆಯ ಗುಂಡಿ ಒತ್ತಿದಳು, ಸದ್ದೇ ಇಲ್ಲ. ಕತ್ತಲಲ್ಲಿ ಅಜ್ಜನ ಕೋಟಿನ ತಂಬಾಕಿನ ವಾಸನೆ, ಅಕ್ಕನ ಏದುಸಿರು.

"ಯಾರಿಗೂ ಕೇಳಂಗಿಲ್ಲೋ!" ಎಂದು ಅಕ್ಕ ಅಳತೊಡಗಿದಳು.

ಅಜ್ಜ ತಮ್ಮ ಊರುಗೋಲನ್ನು ನನ್ನ ಕೈಗಿಟ್ಟು ಇಂಗ್ಲಿಷಿನಲ್ಲಿ, "ಬಾಗಿಲಿಗೆ ಬಡಿ. ಸ್ವಲ್ಪ ತಡೆದು ಮತ್ತೆ ಬಡಿ. ನಿಲ್ಲಿಸಬೇಡ," ಎಂದರು. ಅಕ್ಕನ ಪಕ್ಕ ಕೂತು ಕಥೆ ಹೇಳತೊಡಗಿದರು.

ಹುಡುಗನಾಗಿದ್ದಾಗಲೇ ಅವರು ಕಲ್ಲಿದ್ದಲು ಗಣಿಗೆ ಇಳಿದಿದ್ದರಂತೆ. ಒಮ್ಮೆ ಸುರಂಗ ಕುಸಿದು ಬಂಡೆಗಳ ಹಿಂದೆ ಸಿಕ್ಕಿಕೊಂಡರು. ಹಣೆಯ ಗಾಯದೊಳಗೆ ಕಲ್ಲಿದ್ದಲಿನ ಪುಡಿ ಸೇರಿ ನೀಲಿ ಕಲೆ ಉಳಿದದ್ದು ಆಗಲೇ. ಅವರು ಬಂಡೆಗೆ ಕಲ್ಲು ಬಡಿಯುತ್ತಲೇ ಇದ್ದರು; ಸದ್ದಿನ ಜಾಡು ಹಿಡಿದು ಜೊತೆಗಾರರು ಅಗೆದು ಹೊರತೆಗೆದರು.

ಆಮೇಲೆ ಎರಡನೇ ಮಹಾಯುದ್ಧ. ಸಿಪಾಯಿಯಾಗಿ ಸೇರಿದವರು ಮೇಲೇರುತ್ತ ನೂರಾರು ಸೈನಿಕರ ದಳಪತಿಯಾದರು. ಒಂದು ದಿನ ಬಾಂಬಿಗೆ ಮನೆಯೊಂದು ಉರುಳಿ, ಅವರ ಕೆಲವು ಸೈನಿಕರು ನೆಲಮಾಳಿಗೆಯಲ್ಲಿ ಸಿಕ್ಕಿಬಿದ್ದರು. ಉಳಿದವರು ಆಸೆ ಬಿಟ್ಟಿದ್ದರು. ಅಜ್ಜ ಮಣ್ಣಿಗೆ ಕಿವಿಯಿಟ್ಟರು. ಒಳಗಿಂದ ಸಣ್ಣಗೆ ಟಕ್, ಟಕ್! ದಳಪತಿಯೇ ಕೋಟು ಬಿಚ್ಚಿ ಸಲಿಕೆ ಹಿಡಿದರು. ಸಂಜೆಯೊಳಗೆ ಎಲ್ಲರೂ ಜೀವಂತವಾಗಿ ಹೊರಬಂದರು.

"ನಿಮಗೆ ಹೆದರಿಕೆ ಆಗಲಿಲ್ಲವೇ?" ಎಂದು ಅಕ್ಕ ಕೇಳಿದಳು.

"ಆಗಿತ್ತು ಮಗಳೇ. ಹೆದರುತ್ತಲೇ ಅಗೆದೆ."

ಅಕ್ಕ ಕಣ್ಣೊರೆಸಿಕೊಂಡು, ನನ್ನಿಂದ ಕೋಲು ಕಸಿದುಕೊಂಡು ಜೋರಾಗಿ ಬಡಿದಳು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಕಡೆಯಿಂದ ಅಪ್ಪನ ದನಿ ಕೇಳಿತು: "ಯಾರದು? ನಮ್ಮ ಹುಡುಗ್ರೇನು? ಹೆದರಬ್ಯಾಡ್ರಿ, ನಾ ಇಲ್ಲೇ ಅದೀನಿ!"

ಅಪ್ಪ ರಿಪೇರಿಯವರನ್ನು ಕರೆಸಿದರು. ಬಾಗಿಲು ತೆರೆದಾಗ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಅಪ್ಪ ಅಜ್ಜನನ್ನು ಮನೆಗೆ ಕರೆದೊಯ್ದು ಬಿಸಿ ಉಪ್ಪಿಟ್ಟು ಕೊಟ್ಟರು. ಅಜ್ಜ ಮತ್ತೊಮ್ಮೆ ಹಾಕಿಸಿಕೊಂಡರು. ನಾನು ಮೊದಲ ಸಲ ಅವರ ಪಕ್ಕದಲ್ಲೇ ಕೂತೆ.

ಮಕ್ಕಳೇ, ನಿಮ್ಮ ಲಿಫ್ಟ್ ನಿಂತರೆ ತಾನೇ ಮಾತಾಡಿ ಧೈರ್ಯ ಹೇಳುತ್ತದೆ. ಕಲ್ಲಿದ್ದಲನ್ನು ನೀವು ಕೈಯಲ್ಲಿ ಹಿಡಿದೇ ಇಲ್ಲ. ಆ ಯುದ್ಧ ನಿಮಗೆ ಬರೀ ಶಾಲೆಯ ಪಾಠ. ನಮಗೋ, ಅದನ್ನು ಗೆದ್ದು ಬಂದವರು ತಲೆಯ ಮೇಲಿನ ಮಹಡಿಯಲ್ಲೇ ನಡೆದಾಡುತ್ತಿದ್ದರು. ಆದರೆ ನಿಮಗೂ ಅಂಥವರೊಬ್ಬರಿದ್ದಾರೆ: ನಿಮ್ಮ ಎದುರು ಮನೆಯ ಅಜ್ಜಿ ಯಾವುದೋ ದೂರದ ದೇಶದಿಂದ ಬಂದವರಂತೆ, ನಿಮ್ಮನ್ನು ಚಹಾಕ್ಕೆ ಕರೆದಿದ್ದಾರಂತೆ. ಹೋಗಿ ಬನ್ನಿ. ಬರುವಾಗ ಅವರ ಕಥೆಯನ್ನು ನನಗೂ ತನ್ನಿ.