ಒಳಗಿರಬೇಕಾದ ತುದಿ

ಪಕ್ಕದ ಮನೆಯ ಅತ್ತೆ, ಗಂಡ ತೀರಿಹೋದ ಮೇಲೆ ಒಡವೆ ತೊಟ್ಟವರಲ್ಲ. ಸೆರಗನ್ನು ಕಿವಿ ಮುಚ್ಚುವಂತೆ ಹೊದೆಯುತ್ತಿದ್ದರು. ಆದರೆ ಮುತ್ತಿಗೆ ತಂತಿ ಸುತ್ತಿ ಓಲೆ ಕಟ್ಟುವುದನ್ನು ಶಿರಸಿಯ ನಮ್ಮ ಕೇರಿಯ ಹುಡುಗಿಯರಿಗೆಲ್ಲ ಕಲಿಸಿದವರು ಅವರೇ. "ತಂತಿ ತುದಿ ಒಳಗಿರವು ತಂಗಿ, ಚುಚ್ಚಲಾಗ" ಎನ್ನುತ್ತ ಪ್ರತಿ ಓಲೆಯನ್ನೂ ತಮ್ಮ ಕೆನ್ನೆಗೆ ಉಜ್ಜಿ ನೋಡುವರು.

ನಾನು ಕಟ್ಟಿದ ಮೊದಲ ಓಲೆಯನ್ನು ಅವರ ಕೈಗಿತ್ತು, ನೀರು ಕುಡಿದು ಬಂದೆ. ಅತ್ತೆ ಗೋಡೆಯತ್ತ ತಿರುಗಿ ಕೂತಿದ್ದರು. ಸೆರಗು ಜಾರಿತ್ತು, ಓಲೆ ಅವರ ಕಿವಿಯಲ್ಲಿತ್ತು. ತೂತು ಮುಚ್ಚದಂತೆ ಇಷ್ಟು ವರ್ಷ ಸಿಕ್ಕಿಸಿಕೊಂಡಿದ್ದ ಪೊರಕೆಕಡ್ಡಿಯ ಚೂರು ಮಡಿಲಲ್ಲಿ ಬಿದ್ದಿತ್ತು.

ನನ್ನನ್ನು ಕಂಡವರೇ ಗಡಬಡಿಸಿ ಬಿಚ್ಚಿ ಕೊಟ್ಟರು. ಕಣ್ಣು ತುಂಬಿತ್ತು.

"ತುದಿ ಚುಚ್ತು ತಂಗಿ" ಎಂದರು.

ಮನೆಗೆ ಬಂದು ಓಲೆಯ ಸುತ್ತ ಮತ್ತೆ ಮತ್ತೆ ಬೆರಳಾಡಿಸಿದೆ. ತುದಿ ಎಲ್ಲೂ ಸಿಗಲಿಲ್ಲ.